411 ಹಿಮಾಲಯನ್‌ಗೆ ಡೈನೊ ಟ್ಯೂನಿಂಗ್: 46 ಸಾವಿರ ಕೊಡಬಹುದಾ?

ತುಂಗಾತೀರ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ನನ್ನದು ರಾಯಲ್ ಎನ್‌ಫೀಲ್ಡ್ ಹಿಮಾಲಯನ್ ಬೈಕು, 411 ಸಿಸಿ, ಬಿಎಸ್6 (ಹೊಗೆ ನಿಯಮದ ಹಂತ) ಮಾಡೆಲ್. ಸೆಕೆಂಡ್ ಹ್ಯಾಂಡ್ ತಗೊಂಡಿದ್ದು, ಈಗ 38 ಸಾವಿರ ಕಿಲೋಮೀಟರ್ ಓಡಿದೆ. ಮನೆ ತೀರ್ಥಹಳ್ಳಿ, ಹೆಂಡತಿಯ ತವರು ಉಡುಪಿ. ಹಾಗಾಗಿ ಆಗುಂಬೆ ಘಾಟಿ ತಪ್ಪಿದ್ದಲ್ಲ.

ಇಳಿಯುವಾಗ ಏನೂ ತೊಂದರೆ ಇಲ್ಲ. ಸೋಮೇಶ್ವರದಿಂದ ವಾಪಸ್ ಹತ್ತುವಾಗಲೇ ಕಷ್ಟ. ಹಿಂದೆ ಹೆಂಡತಿ, ಅಕ್ಕಪಕ್ಕ ಎರಡು ಬ್ಯಾಗು, ಅದರೊಳಗೆ ಅತ್ತೆ ತುಂಬಿಸಿದ ತೆಂಗಿನಕಾಯಿ. 14 ತಿರುವು. ಮೂರನೇ ಗೇರಿನಲ್ಲಿ ಎಳೆಯುವುದಿಲ್ಲ, ಎರಡಕ್ಕೆ ಹಾಕಿದರೆ ಇಂಜಿನ್ ಕೂಗುತ್ತದೆ. ತಗೊಂಡ ಹೊಸದರಲ್ಲಿ ಇಷ್ಟು ಕಷ್ಟ ಇತ್ತಾ ಅಂತ ನೆನಪಾಗುತ್ತಿಲ್ಲ. ಊರೊಳಗೆ ನಿಧಾನ ಹೋಗುವಾಗ ಸ್ವಲ್ಪ ಜರ್ಕ್ ಕೂಡ ಇದೆ.

ಬೆಂಗಳೂರಿನ ಟ್ಯೂನರ್ ಒಬ್ಬರ ಹತ್ತಿರ ಫೋನಿನಲ್ಲಿ ಮಾತಾಡಿದೆ. ಪಿಗ್ಗಿಬ್ಯಾಕ್ ಇಸಿಯು (ಇಂಜಿನ್ ನಡೆಸುವ ಕಂಪ್ಯೂಟರಿಗೆ ಜೋಡಿಸುವ ಇನ್ನೊಂದು ಪೆಟ್ಟಿಗೆ), ಫ್ರೀ ಫ್ಲೋ (ಹೊಗೆ ತಡೆಯಿಲ್ಲದೆ ಬಿಡುವ) ಸೈಲೆನ್ಸರ್, ತೊಳೆದು ಬಳಸುವ ಏರ್ ಫಿಲ್ಟರ್, ಡೈನೊ (ರೋಲರ್ ಮೇಲೆ ಬೈಕ್ ಓಡಿಸಿ ಶಕ್ತಿ ಅಳೆಯುವ ಯಂತ್ರ) ಮೇಲೆ ಟ್ಯೂನಿಂಗ್, ಎಲ್ಲ ಸೇರಿ 46,000 ಹೇಳಿದರು. 4 ಪಿಎಸ್ (ಎಚ್‌ಪಿಯ ಹಾಗೇ ಇಂಜಿನ್ ಶಕ್ತಿಯ ಅಳತೆ) ಜಾಸ್ತಿ ಗ್ಯಾರಂಟಿಯಂತೆ. ನಮ್ಮೂರಿನ ಮೆಕ್ಯಾನಿಕ್ ಹತ್ತಿರ ಇದನ್ನೇ ಹೇಳಿದರೆ, "ಅಷ್ಟು ದುಡ್ಡು ಇದ್ದರೆ ನನ್ನ ಸ್ಪ್ಲೆಂಡರ್ ತಗೊಳ್ಳಿ ಮಾರಾಯ್ರೆ, ಘಾಟಿ ಆರಾಮಾಗಿ ಹತ್ತುತ್ತದೆ" ಅಂತ ನಕ್ಕರು.

ನಿಜವಾಗಿ ಮಾಡಿಸಿದವರು ಹೇಳಿ. ದುಡ್ಡಿಗೆ ತಕ್ಕ ಲಾಭ ಇದೆಯಾ? ಈಗ ಲೀಟರಿಗೆ 27-28 ಕೊಡುತ್ತಿದೆ, ಅದೂ ಇಳಿಯುತ್ತದಾ?

ಬುಲೆಟ್ ಬಸ್ಯಾ:

411 ಮಾರಿ 450 ತಗೊಳ್ಳಿ. 452 ಸಿಸಿ, 40 ಪಿಎಸ್, ಕೂಲಂಟ್ ಬೇರೆ ಇದೆ. ವಿಷಯ ಮುಗಿಯಿತು.

ತುಂಗಾತೀರ:

ಬಸ್ಯಾ, 46 ಸಾವಿರಕ್ಕೇ ಇಲ್ಲಿ ಬಂದು ಕೇಳುತ್ತಿರುವವನು ನಾನು. ಮುಂದಿನ ಅಡಿಕೆ ಕೊಯ್ಲಿಗೆ ರೇಟು ಚೆನ್ನಾಗಿ ಬಂದರೆ ನೋಡೋಣ.

ಹಳೇ ಗ್ಯಾರೇಜು, ಮೈಸೂರು:

ತುಂಗಾತೀರ ಅವರೇ, ಟ್ಯೂನಿಂಗ್ ನನ್ನ ಕಸುಬು. ಮೊದಲು ಯೆಜ್ಡಿ, ಆರ್‌ಎಕ್ಸ್ ಕಾರ್ಬ್ಯುರೇಟರುಗಳು, ಈಗ ಲ್ಯಾಪ್‌ಟಾಪು. ಆದರೂ ಹೇಳುತ್ತೇನೆ, ಈ ತಿಂಗಳು ನೀವು ಬೆಂಗಳೂರಿಗೆ ಹೋಗಬೇಡಿ. ಯಾಕೆ ಅಂತ ಸ್ವಲ್ಪ ಉದ್ದಕ್ಕೆ ಬರೆಯಬೇಕಾಗುತ್ತದೆ.

ಮೊದಲು ಘಾಟಿಯ ಲೆಕ್ಕ. ನಿಮ್ಮ ಬೈಕು 199 ಕೆಜಿ. ಇಬ್ಬರು, ಬ್ಯಾಗು, ತೆಂಗಿನಕಾಯಿ ಸೇರಿಸಿ 350 ಅಂತ ಇಟ್ಟುಕೊಳ್ಳಿ. ನೂರು ಮೀಟರಿಗೆ ಎಂಟು ಮೀಟರ್ ಏರುವ ರಸ್ತೆಯಲ್ಲಿ 40 ಕಿಲೋಮೀಟರ್ ಸ್ಪೀಡಿನಲ್ಲಿ ಹತ್ತಬೇಕು ಅಂದರೆ ಬರೀ ಭಾರ ಎತ್ತಲು ಬೇಕಾಗುವುದು ಸುಮಾರು 4 ಪಿಎಸ್. ಗಾಳಿಗೆ, ಟೈರಿಗೆ ಹೋಗುವುದನ್ನು ಸೇರಿಸಿದರೂ 6 ದಾಟುವುದಿಲ್ಲ. ನಿಮ್ಮ ಇಂಜಿನ್ ಕಂಪನಿ ಲೆಕ್ಕದಲ್ಲಿ 24.3 ಪಿಎಸ್. ಚಕ್ರಕ್ಕೆ ಬರುವಾಗ 20ರ ಆಸುಪಾಸು ಉಳಿಯುತ್ತದೆ. ಅಂದರೆ ಆಗುಂಬೆಯಲ್ಲಿ ನಿಮಗೆ ಪಿಎಸ್ ಕೊರತೆಯೇ ಇಲ್ಲ. 4 ಪಿಎಸ್ ಜಾಸ್ತಿ ಮಾಡಿಸಿದರೂ ಅದು ಕುಳಿತಿರುವುದು 6500 ಆರ್‌ಪಿಎಂ ಹತ್ತಿರ. ಘಾಟಿಯಲ್ಲಿ ಹಿಂದೆ ಹೆಂಡತಿ ಕೂತಿರುವಾಗ ನೀವು ಅಲ್ಲಿಗೆ ಹೋಗುವುದೇ ಇಲ್ಲ, ಅಲ್ವಾ?

ಇನ್ನು ಎರಡನೇ ಗೇರು. ಇದು 78 ಎಂಎಂ ಬೋರ್ (ಸಿಲಿಂಡರಿನ ಅಗಲ), 86 ಎಂಎಂ ಸ್ಟ್ರೋಕಿನ (ಪಿಸ್ಟನ್ ಓಡುವ ಉದ್ದ) ಇಂಜಿನ್. ಉದ್ದ ಸ್ಟ್ರೋಕ್, ಹಾಗಾಗಿ ಕೆಳಗಿನಿಂದಲೇ ಎಳೆಯುವ ಸ್ವಭಾವ. ಆದರೂ ಅದರ 32 ಎನ್‌ಎಂ ಟಾರ್ಕ್ (ತಿರುಗಿಸುವ ಬಲ) ಪೂರ್ತಿ ಸಿಗುವುದು 4000 ದಾಟಿದ ಮೇಲೆ. ಕಡಿದಾದ ತಿರುವಿನಲ್ಲಿ 20ಕ್ಕೆ ಇಳಿದು, ಮೂರನೇ ಗೇರಿನಲ್ಲೇ ಎಳೆಸಲು ಹೋದರೆ ಅದು ಎರಡು ಸಾವಿರ ಆರ್‌ಪಿಎಂಗಿಂತ ಕೆಳಗೆ ಒದ್ದಾಡುತ್ತದೆ. ಎರಡರಲ್ಲಿ ಕೂಗಿದರೆ ಕೂಗಲಿ ಬಿಡಿ, ಅದಕ್ಕೇನೂ ಆಗುವುದಿಲ್ಲ. ಕೂಗುವ ಇಂಜಿನ್‌ಗಿಂತ ಕೆಳಗಿನ ಆರ್‌ಪಿಎಂನಲ್ಲಿ ಪೂರ್ತಿ ಆಕ್ಸಿಲರೇಟರ್ ತಿರುವಿ ಒದ್ದಾಡಿಸುವ ಇಂಜಿನ್ ಬೇಗ ಸವೆಯುತ್ತದೆ.

ನನಗೆ ಅನುಮಾನ ಬಂದಿದ್ದು ನಿಮ್ಮ ಮೈಲೇಜ್ ಓದಿದಾಗ. 411ಕ್ಕೆ 27 ಕಡಿಮೆಯೇನಲ್ಲ ಅನ್ನಬಹುದು, ಆದರೆ ನೀವು ತೀರ್ಥಹಳ್ಳಿಯಲ್ಲಿ ಇದ್ದೀರಿ. ಅಲ್ಲಿ ಟ್ರಾಫಿಕ್ ಎಲ್ಲಿದೆ? ಊರ ರಸ್ತೆಯಲ್ಲಿ 50-60ರಲ್ಲಿ ಓಡಿಸುವವರಿಗೆ 30ರ ಮೇಲೆ ಸಿಗಬೇಕು. ಏನೋ ಒಂದು ಇಂಜಿನ್ನಿನ ಶಕ್ತಿಯನ್ನು ತಿನ್ನುತ್ತಿದೆ. ಮಲೆನಾಡಿನ ಮಳೆಯಲ್ಲಿ ಓಡಿದ ಬೈಕಿನಲ್ಲಿ ನಾನು ಮೊದಲು ನೋಡುವುದು ಹಿಂದಿನ ಡಿಸ್ಕ್ ಬ್ರೇಕು. ಕ್ಯಾಲಿಪರ್ (ಪ್ಯಾಡನ್ನು ಡಿಸ್ಕಿಗೆ ಒತ್ತುವ ಭಾಗ) ಪಿನ್ ತುಕ್ಕು ಹಿಡಿದರೆ ಪ್ಯಾಡ್ ವಾಪಸ್ ಬಿಡುವುದಿಲ್ಲ. ಸೆಂಟರ್ ಸ್ಟಾಂಡ್ ಹಾಕಿ, ನ್ಯೂಟ್ರಲ್‌ನಲ್ಲಿ ಹಿಂದಿನ ಚಕ್ರ ಕೈಯಲ್ಲಿ ತಿರುಗಿಸಿ. ಒಂದು ಸುತ್ತೂ ಪೂರ್ತಿ ಆಗದೆ ನಿಂತರೆ ಗೊತ್ತಾಯಿತಲ್ಲ. ಆಮೇಲೆ ಏರ್ ಫಿಲ್ಟರ್, ಪ್ಲಗ್, ಚೈನಿನ ಸಡಿಲ, ಟೈರಿನ ಗಾಳಿ, ಥ್ರಾಟಲ್ ಬಾಡಿ (ಇಂಜಿನ್‌ಗೆ ಗಾಳಿ ಬಿಡುವ ಭಾಗ). ಇಂಜಿನ್ ಪೂರ್ತಿ ತಣ್ಣಗಿರುವಾಗ ಟ್ಯಾಪೆಟ್ ಕ್ಲಿಯರೆನ್ಸ್ (ವಾಲ್ವ್ ಒತ್ತುವ ಭಾಗದಲ್ಲಿ ಇರಬೇಕಾದ ಸಣ್ಣ ಸಂದು), ಫೀಲರ್ ಗೇಜ್ (ಸಂದು ಅಳೆಯುವ ತೆಳು ಪಟ್ಟಿ) ಹಾಕಿಯೇ ನೋಡಬೇಕು, "ಸೌಂಡ್ ಕೇಳಿ ಹೇಳುತ್ತೇನೆ" ಅನ್ನುವವರನ್ನು ನಂಬಬೇಡಿ. ಸದ್ದಿಲ್ಲದ ಟ್ಯಾಪೆಟ್ ಚೆನ್ನಾಗಿದೆ ಅಂತ ಸುಮಾರು ಜನ ತಿಳಿದಿದ್ದಾರೆ. ಟೈಟ್ ಆದ ಟ್ಯಾಪೆಟ್ ಕೂಡ ಸದ್ದು ಮಾಡುವುದಿಲ್ಲ, ಆದರೆ ವಾಲ್ವ್ ಪೂರ್ತಿ ಮುಚ್ಚದೆ ಕಂಪ್ರೆಶನ್ ಸೋರುತ್ತದೆ.

ಜರ್ಕ್ ಅಂದಿರಲ್ಲ, ಅದರಲ್ಲಿ ಅರ್ಧ ಚೈನ್ ಸಡಿಲ ಮತ್ತು ಆಕ್ಸಿಲರೇಟರ್ ಕೇಬಲ್ಲಿನ ಆಟದಿಂದ ಬರುತ್ತದೆ. ಮಿಕ್ಕ ಅರ್ಧ ಮಾತ್ರ ಇಸಿಯು ಸಂಬಂಧ. ಬಿಎಸ್6 ಬೈಕುಗಳು ಸಮ ವೇಗದಲ್ಲಿ ಹೋಗುವಾಗ ಒಂದು ಗ್ರಾಂ ಪೆಟ್ರೋಲಿಗೆ 14.7 ಗ್ರಾಂ ಗಾಳಿ ಅನ್ನುವ ಲೆಕ್ಕದ ಸುತ್ತಲೇ ಇರುತ್ತವೆ. ಸೈಲೆನ್ಸರಿನಲ್ಲಿರುವ ಆಕ್ಸಿಜನ್ ಸೆನ್ಸರ್ ನೋಡಿಕೊಂಡು ಇಸಿಯು ಅದನ್ನು ಸರಿಮಾಡುತ್ತಾ ಇರುತ್ತದೆ. ಹೊಗೆ ಶುದ್ಧವಾಗಿರಲಿ ಅಂತ ಈ ಏರ್ಪಾಡು. ಪೂರ್ತಿ ಎಳೆತಕ್ಕೆ ಅದು 12.5ರಿಂದ 13 ಗ್ರಾಂ ಗಾಳಿಯ ಹತ್ತಿರ, ಅಂದರೆ ಪೆಟ್ರೋಲ್ ಸ್ವಲ್ಪ ಜಾಸ್ತಿ ಬೇಕು. ಟ್ಯೂನಿಂಗ್‌ನ ನಿಜವಾದ ಜಾಗ ಇರುವುದು ಈ ಎರಡರ ನಡುವೆ.

ಕಾಯಿಲೆ ಇರುವ ಇಂಜಿನ್ನನ್ನು ಡೈನೊ ಮೇಲೆ ಏರಿಸಿದರೆ ಏನಾಗುತ್ತದೆ ಗೊತ್ತಾ? ಟ್ಯೂನರ್ ಆ ಕಾಯಿಲೆಗೆ ತಕ್ಕ ಹಾಗೆ ಮ್ಯಾಪ್ (ಯಾವ ಆರ್‌ಪಿಎಂನಲ್ಲಿ ಎಷ್ಟು ಪೆಟ್ರೋಲ್ ಅನ್ನುವ ಪಟ್ಟಿ) ಬರೆಯುತ್ತಾನೆ. ಫಿಲ್ಟರ್ ಕಟ್ಟಿಕೊಂಡಿದ್ದರೆ ಅದಕ್ಕೆ ತಕ್ಕಷ್ಟು ಪೆಟ್ರೋಲ್ ಕಡಿಮೆ ಮಾಡುತ್ತಾನೆ. ಮೂರು ತಿಂಗಳ ಮೇಲೆ ನೀವು ಫಿಲ್ಟರ್ ಬದಲಿಸಿದರೆ ಮ್ಯಾಪ್ ತಪ್ಪು. ಅವನದೇನೂ ತಪ್ಪಿಲ್ಲ, ಅವತ್ತು ಅವನೆದುರು ಇದ್ದ ಇಂಜಿನ್ ಹಾಗಿತ್ತು. ಒಳ್ಳೆಯ ಟ್ಯೂನರ್ ಮೊದಲು ಬೈಕ್ ಚೆಕ್ ಮಾಡಿ, ಸರಿಯಿಲ್ಲದಿದ್ದರೆ ವಾಪಸ್ ಕಳಿಸುತ್ತಾನೆ. ಫೋನಿನಲ್ಲೇ 4 ಪಿಎಸ್ ಗ್ಯಾರಂಟಿ ಕೊಡುವವರ ಬಗ್ಗೆ ನನಗೆ ಸ್ವಲ್ಪ ಅನುಮಾನ ಜಾಸ್ತಿ. ಕ್ಯಾಮ್ ಮುಟ್ಟದೆ, ಕಂಪ್ರೆಶನ್ ಮುಟ್ಟದೆ ಈ ಥರದ ಸಿಂಗಲ್ ಸಿಲಿಂಡರ್ ಇಂಜಿನ್ನಿನಲ್ಲಿ ನಾನು ನೋಡಿದ ಡೈನೊ ಶೀಟುಗಳಲ್ಲಿ ಏರಿದ್ದು ಒಂದೂವರೆ, ಎರಡು, ಅಬ್ಬಬ್ಬಾ ಅಂದರೆ ಎರಡೂವರೆ ಪಿಎಸ್.

ಆ ಎರಡು ಪಿಎಸ್ ಹೈವೇಯಲ್ಲಿ ಏನು ಕೊಡುತ್ತದೆ ಅಂತಲೂ ನೋಡಿ. ಗಾಳಿಯನ್ನು ತಳ್ಳಲು ಬೇಕಾದ ಶಕ್ತಿ ವೇಗದ ಘನಕ್ಕೆ ತಕ್ಕಂತೆ ಏರುತ್ತದೆ. ಶಕ್ತಿ ಹತ್ತು ಪರ್ಸೆಂಟ್ ಜಾಸ್ತಿಯಾದರೆ ಟಾಪ್ ಸ್ಪೀಡ್ ಮೂರು ಪರ್ಸೆಂಟ್ ಏರುತ್ತದೆ. 120 ಹೋಗುತ್ತಿದ್ದದ್ದು 124. ಅಷ್ಟೇ. ಅದೇ, ಮುಂದಿನ 15 ಹಲ್ಲಿನ ಸ್ಪ್ರಾಕೆಟ್ (ಚೈನು ಕೂರುವ ಹಲ್ಲುಚಕ್ರ) ತೆಗೆದು 14ರದ್ದು ಹಾಕಿದರೆ ಎಲ್ಲ ಗೇರಿನಲ್ಲೂ ಚಕ್ರಕ್ಕೆ ಏಳು ಪರ್ಸೆಂಟ್ ಎಳೆತ ಜಾಸ್ತಿ. ಹೈವೇಯಲ್ಲಿ ಆರ್‌ಪಿಎಂ ಕೂಡ ಏಳು ಪರ್ಸೆಂಟ್ ಏರುತ್ತದೆ, ಬಿಟ್ಟಿ ಏನೂ ಸಿಗುವುದಿಲ್ಲ. ಆದರೆ ಖರ್ಚು 46 ಸಾವಿರದ ಹತ್ತಿರಕ್ಕೂ ಬರುವುದಿಲ್ಲ.

ಟ್ಯೂನಿಂಗ್ ಅಂದರೆ ಯಾವಾಗಲೂ ಒಂದು ಕೊಟ್ಟು ಇನ್ನೊಂದು ತಗೊಳ್ಳುವುದೇ. ರಾಜ್‌ದೂತ್ 350 ನೆನಪಿರುವವರು ಇಲ್ಲಿ ಇರಬಹುದು. ಒಂದೇ ಇಂಜಿನ್, ಎಚ್‌ಟಿ (ಹೈ ಟಾರ್ಕ್) ಮಾಡೆಲ್ 30.5 ಎಚ್‌ಪಿ, ಎಲ್‌ಟಿ (ಲೋ ಟಾರ್ಕ್) 27. ಮೈಲೇಜ್ ಬೇಕು ಅನ್ನುವ ನಮ್ಮ ಜನಕ್ಕಾಗಿ ಕಂಪನಿಯೇ ಇಳಿಸಿ ಕೊಟ್ಟಿದ್ದು. ಈಗ ಎಲ್ಲರೂ ಎಚ್‌ಟಿ ಹುಡುಕುತ್ತಾರೆ, ಅದು ಬೇರೆ ಮಾತು.

ಫ್ರೀ ಫ್ಲೋ ಬಗ್ಗೆ ಒಂದೇ ಮಾತು, ಬೇಡ. ಅದರ 80 ಪರ್ಸೆಂಟ್ ಕಿವಿಗೆ, 20 ಪರ್ಸೆಂಟ್ ಇಂಜಿನ್‌ಗೆ.

ಕುಂದಾಪ್ರ ಕಡಲು:

ಗ್ಯಾರೇಜು ಅಣ್ಣ ಹೇಳಿದ್ದು ಸರಿ, ಆದರೆ ಪೂರ್ತಿ ಒಪ್ಪುವುದಿಲ್ಲ ನಾನು.

ನನ್ನ ಬೈಕ್ ಬೇರೆ, 400 ಸಿಸಿ ಹತ್ತಿರದ್ದು. ಪಿಗ್ಗಿಬ್ಯಾಕ್ ಹಾಕಿಸಿ ಡೈನೊ ಟ್ಯೂನ್ ಮಾಡಿಸಿದೆ, ಸೈಲೆನ್ಸರ್ ಕಂಪನಿಯದ್ದೇ ಉಳಿಸಿಕೊಂಡೆ. ಶೀಟಿನಲ್ಲಿ ಟಾಪ್ ಪವರ್ 1.8 ಜಾಸ್ತಿ. ಆ ನಂಬರ್ ನೋಡಿ ಗೆಳೆಯರೆಲ್ಲ ನಕ್ಕರು. ಆದರೆ ನಾನು ದುಡ್ಡು ಕೊಟ್ಟದ್ದು ಅದಕ್ಕಲ್ಲ ಮಾರಾಯ್ರೆ. ಮೊದಲು 3000 ಆರ್‌ಪಿಎಂನಲ್ಲಿ ಆಕ್ಸಿಲರೇಟರ್ ಒಂಚೂರು ಮುಟ್ಟಿದರೆ ಬೈಕ್ ಹಾರುತ್ತಿತ್ತು, ಬಿಟ್ಟರೆ ಮುಗ್ಗರಿಸುತ್ತಿತ್ತು. ಕುಂದಾಪುರ ಪೇಟೆಯಲ್ಲಿ ಬಸ್ಸಿನ ಹಿಂದೆ ಹೋಗಲು ಹಿಂಸೆ. ಈಗ ಹಾಲು ಸುರಿದಂತೆ ಹೋಗುತ್ತದೆ. ಕೈಗೆ ಸುಸ್ತಿಲ್ಲ. ಹುಲಿಕಲ್ ಘಾಟಿ ಮಳೆಯಲ್ಲಿ ಹತ್ತುವಾಗ ಹಿಂದಿನ ಟೈರ್ ಜಾರುವುದೂ ಕಡಿಮೆಯಾಯಿತು, ಯಾಕಂದರೆ ಎಳೆತ ಧಡಕ್ಕನೆ ಬರುವುದಿಲ್ಲ.

ಮೈಲೇಜ್ ನಿಧಾನ ಓಡಿಸಿದರೆ ಅಷ್ಟೇ ಇದೆ. ಜೋರಾಗಿ ಓಡಿಸಿದರೆ ಇಳಿಯುತ್ತದೆ, ಮೊದಲೂ ಇಳಿಯುತ್ತಿತ್ತು.

ಹಾಗಾಗಿ ತುಂಗಾತೀರ, ಟ್ಯೂನಿಂಗ್ ದಂಡ ಅನ್ನುವವರ ಮಾತೂ ಕೇಳಬೇಡಿ. ಪಿಎಸ್‌ಗೆ ಅಂತ ಮಾಡಿಸಿದರೆ ದಂಡ, ಓಡಿಸುವ ಸುಖಕ್ಕೆ ಅಂತ ಮಾಡಿಸಿದರೆ ಲಾಭ.

ಹಳೇ ಗ್ಯಾರೇಜು, ಮೈಸೂರು:

ಕಡಲು, ಒಪ್ಪಿದೆ. ನಾನು ಹೇಳಬೇಕಾಗಿದ್ದನ್ನು ನೀವು ನಾಲ್ಕು ಸಾಲಿನಲ್ಲಿ ಹೇಳಿದಿರಿ. ಟಾಪ್ ಪವರ್ ಅನ್ನುವುದು ಶೀಟಿನ ಒಂದು ಚುಕ್ಕಿ. ನೋಡಬೇಕಾದದ್ದು 2500ರಿಂದ 5000ದವರೆಗಿನ ಗೆರೆ, ಅದೂ ಕಾಲು ಆಕ್ಸಿಲರೇಟರಿನಲ್ಲಿ. ಒಂದು ಕೇಳಲೇ? ನಿಮ್ಮ ಟ್ಯೂನರ್ ಬ್ರೇಕ್ ಇರುವ ಡೈನೊದಲ್ಲಿ ಮಾಡಿದರಾ, ಬರೀ ರೋಲರ್ ತಿರುಗಿಸುವ ಇನರ್ಶಿಯಾ ಡೈನೊನಾ?

ಕುಂದಾಪ್ರ ಕಡಲು:

ಬ್ರೇಕ್ ಇರುವುದು. 3000ದಲ್ಲೇ ಹಿಡಿದು ನಿಲ್ಲಿಸಿ, ಆಕ್ಸಿಲರೇಟರ್ ಸ್ವಲ್ಪ ಸ್ವಲ್ಪವೇ ತೆರೆದು ಮ್ಯಾಪಿನ ಒಂದೊಂದು ಚೌಕ ತುಂಬಿಸುತ್ತಿದ್ದರು. ಇಡೀ ಮಧ್ಯಾಹ್ನ ಹಿಡಿಯಿತು. ಎದುರು ದೊಡ್ಡ ಫ್ಯಾನು, ನನಗೆ ಮಾತ್ರ ಬೆವರು.

ಹಳೇ ಗ್ಯಾರೇಜು, ಮೈಸೂರು:

ಹಾಗಾದರೆ ನಿಮ್ಮ ದುಡ್ಡು ಸರಿಯಾದ ಕಡೆ ಹೋಗಿದೆ. ಬರೀ ರೋಲರಿನ ಮೇಲೆ ಪೂರ್ತಿ ಆಕ್ಸಿಲರೇಟರ್ ತಿರುವಿ ಮೂರು ಓಟ ಓಡಿಸಿ ಕಳಿಸಿದರೆ ಮೇಲಿನ ನಂಬರ್ ಚೆನ್ನಾಗಿ ಬರುತ್ತದೆ, ಪೇಟೆಯ ಜರ್ಕ್ ಹಾಗೇ ಇರುತ್ತದೆ.

ಆರ್‌ಎಕ್ಸ್ ಹುಚ್ಚ:

ನಮ್ಮ ಕಡೆಯಿಂದಲೂ ಒಂದು ಮಾತು. ನನ್ನ ಆರ್‌ಎಕ್ಸ್ 100ಕ್ಕೆ ಪೋರ್ಟಿಂಗ್ (ಇಂಜಿನ್ನಿನ ಗಾಳಿ, ಹೊಗೆಯ ಕಿಂಡಿ ತಿದ್ದುವುದು), ಹೆಡ್ ಕೆಲಸ, ಎಕ್ಸ್‌ಪ್ಯಾನ್ಶನ್ ಚೇಂಬರ್ (ರೇಸ್ ಸೈಲೆನ್ಸರ್) ಎಲ್ಲ ಆಗಿದೆ. ಡ್ರ್ಯಾಗ್‌ಗೆ (ನೇರ ದಾರಿಯ ರೇಸಿಗೆ) ಅಂತಲೇ ಮಾಡಿಸಿದ್ದು. ಕಂಪನಿಯಿಂದ ಬಂದಾಗ 98 ಸಿಸಿಗೆ 11 ಎಚ್‌ಪಿ, ಈಗ ಎಷ್ಟಿದೆ ಅಂತ ಹೇಳುವುದಿಲ್ಲ, ಎದುರಾಳಿಗಳೂ ಇಲ್ಲಿ ಓದುತ್ತಾರೆ. ಎಕ್ಸಾಸ್ಟ್ ಪೋರ್ಟ್ ಎತ್ತರಿಸಿದ್ದರಿಂದ ಮೇಲೆ ಹೋದಾಗ ಬೆಂಕಿ. ಕೆಳಗೆ ಮಾತ್ರ ಸೊನ್ನೆ, ಹಂಪ್ ದಾಟಿದ ಮೇಲೆ ಕ್ಲಚ್ ಜಾರಿಸಿಕೊಂಡೇ ಹೊರಡಬೇಕು. ತರಕಾರಿ ತರಲು ಅದರಲ್ಲಿ ಹೋಗುವುದಿಲ್ಲ, ಆಕ್ಟಿವಾ ಇದೆ.

ಘಾಟಿಯಲ್ಲಿ ಹೆಂಡತಿ ಕೂರಿಸಿಕೊಂಡು ಹೋಗುವವರಿಗೆ ಡ್ರ್ಯಾಗ್ ಹುಡುಗರ ಟ್ಯೂನರ್ ಬೇಡ. ಕೆಲಸ ಬರುವುದಿಲ್ಲ ಅಂತಲ್ಲ, ಅವರ ಕೈ ಹೋಗುವುದೇ ಮೇಲಿನ ಆರ್‌ಪಿಎಂಗೆ.

ಶಿರಸಿ ಸರ್ವೇಯರ್:

ನಾನು ವಾಹನ ವಿಮೆ ಕ್ಲೇಮ್ ಸರ್ವೆ ಮಾಡುವವನು. ಇಲ್ಲಿ ಯಾರೂ ಕಾನೂನಿನ ಮಾತು ಎತ್ತಿಲ್ಲ.

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ ಕಂಪನಿ ಕೊಟ್ಟ ಸ್ವರೂಪಕ್ಕೆ ವಿರುದ್ಧವಾಗಿ ವಾಹನ ಬದಲಿಸುವಂತಿಲ್ಲ. 2019ರಲ್ಲಿ ಸುಪ್ರೀಂ ಕೋರ್ಟ್ ಕೂಡ ಅದನ್ನೇ ಹೇಳಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಸೆಕ್ಷನ್‌ನಲ್ಲಿ ಮಾಲೀಕರಿಗೆ ಪ್ರತಿ ಬದಲಾವಣೆಗೆ 5,000 ದಂಡ, ಆರು ತಿಂಗಳವರೆಗೆ ಜೈಲು ಕೂಡ ಇದೆ. ಪೊಲೀಸರು ಕಿತ್ತ ಸೈಲೆನ್ಸರುಗಳನ್ನು ಸಾಲಾಗಿ ಇಟ್ಟು ರೋಡ್ ರೋಲರ್ ಹತ್ತಿಸುವ ಫೋಟೊ ಪೇಪರಿನಲ್ಲಿ ನೋಡಿಯೇ ಇರುತ್ತೀರಿ.

ಸೀಟಿನ ಕೆಳಗಿನ ಪಿಗ್ಗಿಬ್ಯಾಕ್ ರಸ್ತೆಯಲ್ಲಿ ಯಾರಿಗೂ ಕಾಣಿಸುವುದಿಲ್ಲ, ನಿಜ. ಆದರೆ ದೊಡ್ಡ ಅಪಘಾತದ ಕ್ಲೇಮ್‌ನಲ್ಲಿ ನಾವು ಸೀಟು ತೆಗೆದು ನೋಡುತ್ತೇವೆ. ವಿಮೆ ಕಂಪನಿಗೆ ತಿಳಿಸದ ಬದಲಾವಣೆ ಇದ್ದರೆ ತಕರಾರು ಬರುತ್ತದೆ. ವಾರಂಟಿ ಇನ್ನೂ ಇರುವವರು ಅದನ್ನೂ ಯೋಚಿಸಿ. ಮಾಡಿಸುವುದು ಬಿಡುವುದು ನಿಮಗೆ ಬಿಟ್ಟದ್ದು, ಲೆಕ್ಕದಲ್ಲಿ ಇದನ್ನೂ ಸೇರಿಸಿಕೊಳ್ಳಿ.

ತುಂಗಾತೀರ:

ಎಲ್ಲರಿಗೂ ಥ್ಯಾಂಕ್ಸ್. ಸರ್ವೇಯರ್ ಸರ್ ಬರೆದದ್ದನ್ನು ಓದಿ ಸೈಲೆನ್ಸರ್ ಆಸೆ ಅಲ್ಲಿಗೇ ಬಿಟ್ಟೆ.

ಗ್ಯಾರೇಜು ಸರ್, ನೀವು ಹೇಳಿದ ಹಾಗೆ ಚಕ್ರ ತಿರುಗಿಸಿ ನೋಡಿದೆ. ಅರ್ಧ ಸುತ್ತಿಗೇ ನಿಂತಿತು! ಅವತ್ತೇ ಬೈಕ್ ತಗೊಂಡು ನಮ್ಮ ಸ್ಪ್ಲೆಂಡರ್ ಮೆಕ್ಯಾನಿಕ್ ಹತ್ತಿರ ಹೋದೆ. ಕ್ಯಾಲಿಪರ್ ಪಿನ್ ಒಂದು ಪೂರ್ತಿ ಹಿಡಿದುಕೊಂಡಿತ್ತು, ಕೀಳಲು ಅವರಿಗೆ ಒಂದು ತಾಸು ಬೇಕಾಯಿತು. ಏರ್ ಫಿಲ್ಟರ್ ತೆಗೆದಾಗ ನಮ್ಮ ತೋಟದ ಮಣ್ಣಿನ ಬಣ್ಣ. ಎಕ್ಸಾಸ್ಟ್ ಟ್ಯಾಪೆಟ್ ಟೈಟ್ ಇತ್ತು, ಫೀಲರ್ ಗೇಜ್ ಒಳಗೆ ಹೋಗಲೇ ಇಲ್ಲ. ಪ್ಲಗ್, ಫಿಲ್ಟರ್, ಪ್ಯಾಡ್, ಚೈನ್ ಸರಿಮಾಡಿದ್ದು, ಕೂಲಿ ಎಲ್ಲ ಸೇರಿ 3,400 ಆಯಿತು.

ಮೊನ್ನೆ ಉಡುಪಿಗೆ ಹೋಗಿ ಬಂದೆವು. ಮೊದಲು ಎರಡರಲ್ಲಿ ಹತ್ತುತ್ತಿದ್ದ ನೇರ ಏರುಗಳನ್ನು ಮೂರರಲ್ಲೇ ಹತ್ತಿದೆ. ತಿರುವಿನಲ್ಲಿ ಮಾತ್ರ ಎರಡು. "ಇವತ್ತೇನು ಕೂಗಾಟ ಕಡಿಮೆ" ಅಂತ ಹಿಂದಿನಿಂದ ಮಾತು ಬಂತು. ಟ್ಯಾಂಕ್ ಲೆಕ್ಕದಲ್ಲಿ ಮೈಲೇಜ್ 31.

ಊರೊಳಗಿನ ಜರ್ಕ್ ಮುಕ್ಕಾಲು ಭಾಗ ಹೋಗಿದೆ, ಕಾಲು ಭಾಗ ಇದೆ. ಅದಕ್ಕೆ ಬರೀ ಮ್ಯಾಪ್ ಮಾತ್ರ ಮಾಡಿಸಬಹುದಾ? ಸೈಲೆನ್ಸರ್, ಫಿಲ್ಟರ್ ಏನೂ ಮುಟ್ಟದೆ? ಇಲ್ಲಿಂದ ಬೆಂಗಳೂರು ಏಳು ಗಂಟೆ ದಾರಿ, ಹೋದರೆ ಒಂದೇ ಸಲ ಹೋಗಬೇಕು.

ಹಳೇ ಗ್ಯಾರೇಜು, ಮೈಸೂರು:

ಮಾಡಿಸಬಹುದು. ಪಿಗ್ಗಿಬ್ಯಾಕ್ ಬೇಕೇ ಬೇಕು ಅಂತಿಲ್ಲ, ಕೆಲವರು ಕಂಪನಿಯ ಇಸಿಯು ಒಳಗೇ ಮ್ಯಾಪ್ ಬರೆಯುತ್ತಾರೆ. ಪಿಗ್ಗಿಬ್ಯಾಕ್ ಆದರೆ ಕಂಪನಿ ಇಸಿಯು ಇಂಜೆಕ್ಟರಿಗೆ ಕಳಿಸುವ ಸಿಗ್ನಲ್ಲನ್ನು ನಡುವೆ ಹಿಡಿದು ತಿದ್ದುತ್ತದೆ. ಆಗ ಆಕ್ಸಿಜನ್ ಸೆನ್ಸರ್ ಏನು ಮಾಡುತ್ತೀರಿ ಅಂತ ಮೊದಲೇ ಕೇಳಿ. ಅದನ್ನು ಹಾಗೇ ಬಿಟ್ಟರೆ ಇವರು ಹಾಕಿದ ಪೆಟ್ರೋಲನ್ನು ಇಸಿಯು ಮೆಲ್ಲಗೆ ವಾಪಸ್ ಕಡಿಮೆ ಮಾಡುತ್ತಾ ಬರುತ್ತದೆ, ತಿಂಗಳಾದ ಮೇಲೆ ಜರ್ಕ್ ಮತ್ತೆ ಶುರು. ಇದಕ್ಕೆ ಸರಿಯಾದ ಉತ್ತರ ಕೊಡದವರ ಹತ್ತಿರ ಹೋಗಬೇಡಿ. ಏನೇ ಮಾಡಿಸಿದರೂ ಸರ್ವೇಯರ್ ಸರ್ ಹೇಳಿದ ಮಾತು ಮಾತ್ರ ಹಾಗೇ ಇರುತ್ತದೆ.

ಪೆಟ್ರೋಲ್ ಬಗ್ಗೆಯೂ ಎಚ್ಚರ. ಈಗ ಬಂಕುಗಳಲ್ಲಿ ಬರುವುದು ಇ20, ಅಂದರೆ 20 ಪರ್ಸೆಂಟ್ ಎಥನಾಲ್ ಬೆರೆಸಿದ್ದು. ಎಥನಾಲ್ ಜಾಸ್ತಿ ಇದ್ದಷ್ಟೂ ಅದೇ ಗಾಳಿಗೆ ಹೆಚ್ಚು ಪೆಟ್ರೋಲ್ ಬೇಕು, 14.7 ಅಂದೆನಲ್ಲ, ಇ20ಗೆ ಅದು 13.5ರ ಹತ್ತಿರ ಬರುತ್ತದೆ. 100 ಆಕ್ಟೇನ್ ಹಾಕಿ, ಇಗ್ನಿಶನ್ ಮುಂದೆ ತಳ್ಳಿ (ಪ್ಲಗ್ಗಿನ ಕಿಡಿ ಬೇಗ ಬರುವ ಹಾಗೆ ಮಾಡಿ) ಒಳ್ಳೆಯ ಶೀಟ್ ತೋರಿಸುವುದು ಸುಲಭ. ಆ ಪೆಟ್ರೋಲ್ ಆಗುಂಬೆಯಲ್ಲಿ ಸಿಗುತ್ತದಾ? ನೀವು ದಿನಾ ಹಾಕಿಸುವ ಮಾಮೂಲಿ ಪೆಟ್ರೋಲ್ ಇಟ್ಟುಕೊಂಡೇ ಟ್ಯೂನ್ ಮಾಡಿ ಅನ್ನಿ. ಮೊದಲು ಬೈಕ್ ಇದ್ದ ಹಾಗೇ ಒಂದು ಓಟ ಓಡಿಸಿ ಶೀಟ್ ತೆಗೆಸಿ, ಮ್ಯಾಪ್ ಆದ ಮೇಲೆ ಅದೇ ದಿನ, ಅದೇ ಡೈನೊ, ಅದೇ ಗೇರಿನಲ್ಲಿ ಇನ್ನೊಂದು. ಬೆಂಗಳೂರು ಸಮುದ್ರಕ್ಕಿಂತ 900 ಮೀಟರ್ ಮೇಲಿದೆ, ಅಲ್ಲಿ ಯಾವ ಇಂಜಿನ್ ಆದರೂ ಉಡುಪಿಗಿಂತ ಕಡಿಮೆಯೇ ತೋರಿಸುತ್ತದೆ. ಅದನ್ನು ಸರಿದೂಗಿಸಲು ಸಾಫ್ಟ್‌ವೇರ್ ನಂಬರನ್ನು ಏರಿಸಿ ಬರೆಯುತ್ತದೆ. ಮೊದಲ ಶೀಟಿನಲ್ಲಿ ಅದನ್ನು ಹಾಕದೆ ಎರಡನೆಯದರಲ್ಲಿ ಹಾಕಿದರೆ 2 ಪಿಎಸ್ ಬಿಟ್ಟಿ ಬಂದಂತೆ ಕಾಣುತ್ತದೆ.

ಮಳೆಗಾಲ ಕಳೆಯಲಿ, ಆಮೇಲೆ ಹೋಗಿ. ಮೂಲ ಮ್ಯಾಪಿನ ಫೈಲ್ ಒಂದು ಪೆನ್‌ಡ್ರೈವಿನಲ್ಲಿ ಇಸಿದುಕೊಂಡು ಬನ್ನಿ. ಮತ್ತೆ, ಆ ಕ್ಯಾಲಿಪರ್ ಪಿನ್‌ಗೆ ಬ್ರೇಕಿನ ಗ್ರೀಸನ್ನೇ ಹಚ್ಚಿದ್ದಾರಾ ಕೇಳಿ. ಚಾಸಿಸ್ ಗ್ರೀಸ್ ಹಚ್ಚಿದ್ದರೆ ರಬ್ಬರ್ ಉಬ್ಬಿ ದೀಪಾವಳಿ ಹೊತ್ತಿಗೆ ಮತ್ತೆ ಹಿಡಿದುಕೊಳ್ಳುತ್ತದೆ.